ಮನೆ, ಪಕ್ಕದ ಖಾಲಿ ಸೈಟು: ಬೆಲೆ ಒಟ್ಟಿಗೋ, ಬೇರೆಯೋ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಅಪ್ಪ ಅಮ್ಮ ಮನೆ ಕಟ್ಟಿದರು, ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಪಕ್ಕದ ಸೈಟನ್ನೂ ತೆಗೆದುಕೊಂಡರು. ಈಗ ಪಾಲು, ಸಾಲ, ಮಾರಾಟ ಅಂತ ಬಂದಾಗ ಎರಡಕ್ಕೂ ಬೆಲೆ ಕಟ್ಟೋದು ಹೇಗೆ ಅಂತ ಕೇಳಿದ್ದೀರಿ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ. ಮನೆಯೊಳಗಿನ ವಿಷಯ ಅಲ್ವಾ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ, ಮೈಸೂರಿನಿಂದ: ನಮಸ್ಕಾರ ಸಾರ್. ನಮ್ಮ ತಂದೆ 1996ರಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿದರು. ಕೆಳಗೆ, ಮೇಲೆ ಸೇರಿ 18 ಚದರ. ಆಮೇಲೆ ಪಕ್ಕದ 30×40 ಸೈಟನ್ನೂ ಕೊಂಡರು, ಅದು ಇವತ್ತಿಗೂ ಖಾಲಿ. ಮಹಡಿಗೆ ಹೋಗುವ ಮೆಟ್ಟಿಲು ಆ ಸೈಟಿನೊಳಗೇ ಇದೆ, ಬೋರ್‌ವೆಲ್ ಕೂಡ ಅಲ್ಲೇ. ಎರಡೂ ತಂದೆಯ ಸ್ವಂತ ದುಡಿಮೆಯದು. ಹೋದ ವರ್ಷ ತೀರಿಕೊಂಡರು, ವಿಲ್ ಬರೆದಿಲ್ಲ. ನಾವು ಇಬ್ಬರು ಗಂಡುಮಕ್ಕಳು, ಒಬ್ಬಳು ತಂಗಿ. ಅಮ್ಮ ಅಣ್ಣನ ಜೊತೆ ಇದ್ದಾರೆ. ‘ಮನೆ ಹಳೇದು, ಅದಕ್ಕೇನು ಬೆಲೆ ಬರುತ್ತೆ, ಅದು ನನಗಿರಲಿ, ಸೈಟು ನೀನು ತಗೋ, ಲೆಕ್ಕ ಸಮ, ತಂಗಿಗೆ ಇಬ್ಬರೂ ಸೇರಿ ಒಂದಿಷ್ಟು ಕೊಡೋಣ’ ಅಂತಾನೆ ಅಣ್ಣ. ಇದು ಸರೀನಾ? ಮೂರು ಪಾಲು ಹೇಗೆ ಮಾಡೋದು?

ಉತ್ತರ: ಸಮ ಅಲ್ಲ. ಪಾಲು ಕೂಡ ಮೂರಲ್ಲ, ನಾಲ್ಕು. ನೀವೇ ಬರೆದಿದ್ದೀರಲ್ಲ, ಅಮ್ಮ ಇದ್ದಾರೆ ಅಂತ. ತಂದೆಯ ಸ್ವಂತ ಆಸ್ತಿ, ವಿಲ್ ಇಲ್ಲ ಅಂದಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮಪಾಲು. ತಂಗಿಗೆ ‘ಒಂದಿಷ್ಟು’ ಅನ್ನೋ ಮಾತೇ ಇಲ್ಲ, ಅವರದ್ದೂ ಪೂರ್ತಿ ಪಾಲು. ಅಮ್ಮ ತಮ್ಮ ಪಾಲನ್ನು ಯಾರಿಗಾದರೂ ಬಿಟ್ಟುಕೊಡಬಹುದು, ಅದು ಅವರ ಇಷ್ಟ. ಆದರೆ ಅವರ ಪಾಲು ಎಷ್ಟು ಅಂತ ಮೊದಲು ಅವರ ಮುಂದೆ ಇಡಿ, ಆಮೇಲೆ ಅವರೇ ಹೇಳಲಿ. ಎಷ್ಟೋ ಮನೆಗಳಲ್ಲಿ ಅಮ್ಮನ ಪಾಲನ್ನು ಕಾಗದದ ಮೇಲೆ ಬರೆಯುವುದೇ ಇಲ್ಲ, ಇದು ನನಗೆ ತುಂಬಾ ಬೇಸರ ತರುವ ವಿಷಯ.

ಈಗ ಬೆಲೆಗೆ ಬರೋಣ. ‘ಮನೆ ಹಳೇದು’ ಅನ್ನುವಾಗ ಅಣ್ಣ ಗೋಡೆ, ತಾರಸಿ ಮಾತ್ರ ನೋಡುತ್ತಿದ್ದಾರೆ. ಮನೆಯ ಕೆಳಗೂ ಒಂದು 30×40 ಸೈಟು ಇದೆ. ಗೋಡೆ ಹಳೆಯದಾಗುತ್ತೆ, ನೆಲ ಹಳೆಯದಾಗೋದಿಲ್ಲ. ಹಾಗಾಗಿ ಯಾವ ಲೆಕ್ಕ ಹಾಕಿದರೂ ಮೊದಲು ಎರಡು ಸೈಟಿಗೂ ಖಾಲಿ ಜಾಗ ಅಂದುಕೊಂಡು ಬೆಲೆ ಕಟ್ಟಿ, ಆಮೇಲೆ ಕಟ್ಟಡದ ಈಗಿನ ಬೆಲೆಯನ್ನು ಒಂದಕ್ಕೆ ಸೇರಿಸಬೇಕು. ನಮ್ಮಲ್ಲಿ ಹೆಚ್ಚಿನ ವ್ಯಾಲ್ಯುಯರ್‌ಗಳು, ಅಂದರೆ ಆಸ್ತಿಗೆ ಬೆಲೆ ಕಟ್ಟುವವರು, ಮಾಡೋದು ಇದನ್ನೇ.

ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ನಿಮ್ಮ ಬೀದಿಯಲ್ಲಿ ಸೈಟು ಚದರ ಅಡಿಗೆ 6,000 ರೂಪಾಯಿ. ನಿಜವಾದ ದರ ತಿಳಿಯಲು ಈಚೆಗೆ ಅದೇ ಬಡಾವಣೆಯಲ್ಲಿ ಮಾರಾಟವಾದ ಸೈಟುಗಳ ಬೆಲೆ ನೋಡಬೇಕು, ಬ್ರೋಕರ್ ಹೇಳಿದ ದರ ಅಲ್ಲ. 1,200 ಚದರ ಅಡಿಗೆ 72 ಲಕ್ಷ ಆಯಿತು. ಎರಡೂ ಸೈಟಿಗೆ ಇದೇ ಬೆಲೆ. ಇನ್ನು ಕಟ್ಟಡ. 18 ಚದರ, ಅಂದರೆ 1,800 ಚದರ ಅಡಿಯನ್ನು ಅದೇ ಗುಣಮಟ್ಟದಲ್ಲಿ ಇವತ್ತು ಕಟ್ಟಲು ಅಡಿಗೆ 2,000 ಅಂದುಕೊಂಡರೆ 36 ಲಕ್ಷ. ಆರ್‌ಸಿಸಿ ಕಟ್ಟಡದ ಆಯಸ್ಸನ್ನು ಸಾಮಾನ್ಯವಾಗಿ 60 ವರ್ಷ ಅಂತ ಹಿಡಿಯುತ್ತೇವೆ, ಕೊನೆಗೆ ಕಬ್ಬಿಣ, ಮರ ಅಂತ 10% ಉಳಿಯುತ್ತೆ ಅಂತ ಲೆಕ್ಕ. 30 ವರ್ಷ ಕಳೆದಿದೆ, ಅಂದರೆ 90%ರಲ್ಲಿ ಅರ್ಧ, 45% ಸವೆದಿದೆ. ಉಳಿದದ್ದು 55%, ಅಂದರೆ 19.8 ಲಕ್ಷ. ಮನೆ, ಅದರ ಕೆಳಗಿನ ಸೈಟು ಸೇರಿ 91.8 ಲಕ್ಷ. ಪಕ್ಕದ್ದು 72 ಲಕ್ಷ. ಹೆಚ್ಚುಕಡಿಮೆ 20 ಲಕ್ಷದ ವ್ಯತ್ಯಾಸ. ‘ಸಮ’ ಅನ್ನೋ ಮಾತು ಇಲ್ಲಿಗೇ ನಿಲ್ಲುತ್ತೆ.

ಆದರೆ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಮೆಟ್ಟಿಲು ಪಕ್ಕದ ಸೈಟಿನೊಳಗಿದೆ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲೇ. ಒಂದು ಟೇಪು ಹಿಡಿದುಕೊಂಡು ಹೋಗಿ ಅಳೆಯಿರಿ. ಮೊದಲು ರಸ್ತೆ ಕಡೆಯ ಅಗಲ ಪೂರ್ತಿ 60 ಅಡಿ ಇದೆಯಾ ನೋಡಿ. ಕ್ರಯಪತ್ರದಲ್ಲಿ 60 ಇದ್ದು ಜಾಗದಲ್ಲಿ 59 ಬರುವುದು ಅಪರೂಪವೇನಲ್ಲ, ಆಚೆಕಡೆಯವರ ಕಾಂಪೌಂಡ್ ಒಳಗೆ ಬಂದಿರುತ್ತೆ. ಆಮೇಲೆ ಮನೆಯ ಗೋಡೆಯಿಂದ ಮೆಟ್ಟಿಲಿನ ಹೊರ ಅಂಚಿಗೆ ಅಳೆಯಿರಿ. ಅದು 3 ಅಡಿ ಚಾಚಿದ್ದರೆ ನಿಮ್ಮ ಪಾಲಿಗೆ ಬರುವ ಸೈಟಿನ ಉಪಯೋಗಕ್ಕೆ ಸಿಗುವ ಅಗಲ ಆ ಭಾಗದಲ್ಲಿ 27 ಅಡಿ. 27 ಅಡಿಯಲ್ಲಿ ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಟ್ಟು ಮನೆ ಕಟ್ಟೋದು ಕಷ್ಟ. ಸಜ್ಜಾ, ಮೋರಿ ಪೈಪು, ಸಂಪು, ಇವೆಲ್ಲ ಗೆರೆ ದಾಟಿವೆಯಾ ಅಂತಲೂ ನೋಡಿ.

ಗೆರೆಯನ್ನೇ 3 ಅಡಿ ಸರಿಸಿ ಮನೆಗೆ 33, ಸೈಟಿಗೆ 27 ಮಾಡೋಣ ಅಂತ ಯಾರಾದರೂ ಸಲಹೆ ಕೊಡಬಹುದು. ನನ್ನ ಮಾತು ಕೇಳಿದರೆ ಬೇಡ. ಪ್ರಾಧಿಕಾರದ ನಕ್ಷೆಯಲ್ಲಿರುವ ಸೈಟಿನ ಅಳತೆ ಬದಲಾಯಿಸಲು ಹೋದರೆ ಖಾತೆ, ಪ್ಲಾನ್ ಎಲ್ಲವೂ ಗೋಜಲಾಗುತ್ತೆ, ಮುಂದೆ ಬ್ಯಾಂಕ್ ಸಾಲಕ್ಕೂ ತೊಡಕು. ಮೆಟ್ಟಿಲನ್ನು ಒಡೆದು ಮನೆಯ ಕಡೆಗೇ ಕಟ್ಟಲು ಎಷ್ಟಾಗುತ್ತೆ ಅಂತ ಮೇಸ್ತ್ರಿಯಿಂದ ಅಂದಾಜು ಬರೆಸಿಕೊಳ್ಳಿ. ಆ ಖರ್ಚನ್ನು ಮನೆಯ ಬೆಲೆಯಿಂದ ಕಳೆಯಿರಿ. ಮನೆಯ ಕೊರತೆ ಅದು, ಸೈಟಿನ ಕೊರತೆ ಅಲ್ಲ. 3 ಲಕ್ಷ ಅಂದುಕೊಂಡರೆ ಮನೆ 88.8ಕ್ಕೆ ಇಳಿಯುತ್ತೆ, ಸೈಟು 72ರಲ್ಲೇ ಇರುತ್ತೆ, ಒಟ್ಟು 160.8 ಲಕ್ಷ. ನಾಲ್ಕು ಪಾಲು ಮಾಡಿದರೆ ತಲಾ 40.2 ಲಕ್ಷ. ಮನೆ ತಗೊಳ್ಳುವ ಅಣ್ಣ 48.6 ಲಕ್ಷ ಹೊರಗೆ ಕೊಡಬೇಕು, ಸೈಟು ತಗೊಳ್ಳುವ ನೀವು 31.8 ಲಕ್ಷ. ಎರಡೂ ಸೇರಿ ಅಮ್ಮನಿಗೆ 40.2, ತಂಗಿಗೆ 40.2. ಹೀಗೆ ಅಂಕಿ ಮುಂದೆ ಇದ್ದರೆ ಮಾತು ಬೇರೆ ಥರ ನಡೆಯುತ್ತೆ. ಅಷ್ಟು ದುಡ್ಡು ಹೊಂದಿಸಲು ಇಬ್ಬರಿಗೂ ಆಗೋದಿಲ್ಲ ಅಂತಾದರೆ ಒಂದನ್ನು ಮಾರುವ ಮಾತು ಬರುತ್ತೆ, ಆಗ ಖಾಲಿ ಸೈಟನ್ನು ಮಾರೋದು ಸುಲಭ.

ಬೋರ್‌ವೆಲ್ ಸೈಟಿನಲ್ಲಿದೆ, ಹಾಗಾಗಿ ಅದು ಸೈಟಿನ ಲೆಕ್ಕಕ್ಕೆ. ಅಣ್ಣನಿಗೆ ನೀರು ಬೇಕಿದ್ದರೆ ಎಷ್ಟು ವರ್ಷ, ಕರೆಂಟ್ ಬಿಲ್ ಯಾರು ಕಟ್ಟೋದು, ಮೋಟರ್ ಕೆಟ್ಟರೆ ಯಾರು ಮಾಡಿಸೋದು ಅಂತ ವಿಭಾಗ ಪತ್ರದಲ್ಲೇ ಬರೆಸಿ. ಕಿಟಕಿಗಳದ್ದೂ ಅಷ್ಟೇ. ಮನೆಯ ಕಿಟಕಿಗಳು ಖಾಲಿ ಸೈಟಿನ ಕಡೆ ತೆರೆದುಕೊಂಡಿದ್ದರೆ ನೀವು ಮನೆ ಕಟ್ಟಿದ ದಿನ ಅಣ್ಣನ ಮನೆಗೆ ಕತ್ತಲು. ಇಪ್ಪತ್ತು ವರ್ಷ ಗಾಳಿ ಬೆಳಕು ಬಂದಿದ್ದರೆ ಹಕ್ಕು ಬರುತ್ತೆ ಅಂತ 1882ರ ಈಸ್‌ಮೆಂಟ್ ಕಾಯ್ದೆ ಹೇಳುತ್ತೆ ನಿಜ, ಆದರೆ ಇಲ್ಲಿ ಇಷ್ಟು ದಿನ ಎರಡೂ ಒಬ್ಬರದೇ ಆಸ್ತಿ, ಆ ಲೆಕ್ಕ ನೇರವಾಗಿ ಕೂರೋದಿಲ್ಲ. ಈಗಲೇ ಕೂತು ಎಷ್ಟು ಅಡಿ ಬಿಡಬೇಕು ಅಂತ ಬರೆದುಕೊಂಡರೆ ನಾಳೆ ಅಣ್ಣತಮ್ಮ ಕೋರ್ಟಿಗೆ ಅಲೆಯುವುದು ತಪ್ಪುತ್ತೆ.

ಇನ್ನು ನೀವು ಕೇಳದೇ ಇದ್ದರೂ ಹೇಳಬೇಕಾದ್ದು: ಎರಡನ್ನೂ ಸೇರಿಸಿ 60×40 ಅಂತ ಒಬ್ಬರಿಗೇ ಮಾರಿದರೆ ಜಾಸ್ತಿ ಬರುತ್ತಾ? ಅದು ಬೀದಿ ಮೇಲೆ ಹೋಗುತ್ತೆ. ಅಕ್ಕಪಕ್ಕ ಎಲ್ಲಾ 30×40 ಮನೆಗಳೇ ಇರುವ ಒಳರಸ್ತೆ ಆದರೆ, 70 ಲಕ್ಷಕ್ಕೆ ಬರುವಷ್ಟು ಜನ ಒಂದೂವರೆ ಕೋಟಿಗೆ ಬರೋದಿಲ್ಲ, ಅಡಿ ದರ ಸ್ವಲ್ಪ ಇಳಿಯುತ್ತೆ. ಅಂಗಡಿ ಮುಂಗಟ್ಟು ಬಂದಿರುವ ದೊಡ್ಡ ರಸ್ತೆ ಆದರೆ ಉಲ್ಟಾ, 60 ಅಡಿ ಮುಂಭಾಗಕ್ಕೆ ಜಾಸ್ತಿ ಕೊಡುವವರು ಇರುತ್ತಾರೆ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದ ಮೊತ್ತ ಒಂದು ಕಡೆ, ಒಟ್ಟಿಗೆ ಕೊಳ್ಳುವವನು ಕೊಡುವ ಮೊತ್ತ ಇನ್ನೊಂದು ಕಡೆ, ಎರಡನ್ನೂ ವರದಿಯಲ್ಲಿ ಬರೆಯಿರಿ ಅಂತ ವ್ಯಾಲ್ಯುಯರ್‌ಗೆ ಹೇಳಿ. ನಾಲ್ವರೂ ಒಪ್ಪಿ ಒಬ್ಬರನ್ನೇ ಕರೆಸಿ, ಫೀಸನ್ನೂ ನಾಲ್ವರೂ ಹಂಚಿಕೊಳ್ಳಿ. ಒಬ್ಬರು ಕರೆಸಿದ ವರದಿಯನ್ನು ಉಳಿದವರು ನಂಬೋದಿಲ್ಲ.

ಪ್ರಶ್ನೆ, ಬೆಂಗಳೂರಿನಿಂದ: ನಮ್ಮ ಮನೆ ಎ ಖಾತೆ, ಅಂದರೆ ಪಾಲಿಕೆಯ ದಾಖಲೆಯಲ್ಲಿ ಎಲ್ಲಾ ಸರಿ ಇರುವಂಥದ್ದು. ಅದಕ್ಕೆ ಅಂಟಿಕೊಂಡ 20×30 ಜಾಗ ನಮ್ಮದೇ, ಆದರೆ ಬಿ ಖಾತೆ, ಇನ್ನೂ ನಿಯಮಬದ್ಧ ಆಗಿಲ್ಲ. ಎರಡಕ್ಕೂ ಸೇರಿಸಿ ಒಂದೇ ಕಾಂಪೌಂಡ್, ಅಲ್ಲಿ ಕಾರು ನಿಲ್ಲಿಸುತ್ತೇವೆ, ಹೂಗಿಡ ಹಾಕಿದ್ದೇವೆ. ಮಗಳ ಓದಿಗೆ ಅಂತ ಮನೆ ಮೇಲೆ ಸಾಲ ಕೇಳಿದೆವು. ಬ್ಯಾಂಕಿನಿಂದ ಬಂದ ಇಂಜಿನಿಯರ್ ಆ ಜಾಗವನ್ನು ಲೆಕ್ಕಕ್ಕೇ ತಗೊಂಡಿಲ್ಲ. ಇದು ಅನ್ಯಾಯ ಅಲ್ವಾ? ಎರಡನ್ನೂ ಒಂದೇ ಖಾತೆ ಮಾಡಿಸಿಬಿಡಲಾ?

ಉತ್ತರ: ನಿಮಗೆ ಬೇಜಾರಾಗಿದೆ ಅಂತ ಗೊತ್ತು, ಆದರೆ ಅವರು ಮಾಡಿದ್ದು ಸರಿಯಾಗೇ ಇದೆ. ಬ್ಯಾಂಕಿಗೆ ಕಾಂಪೌಂಡ್ ಮುಖ್ಯ ಅಲ್ಲ, ಕಾಗದ ಮುಖ್ಯ. ಸಾಲ ತೀರದೇ ಹೋದರೆ ಅದನ್ನು ಹರಾಜು ಹಾಕಿ ದುಡ್ಡು ವಾಪಸ್ ತಗೋಬೇಕು, ಬಿ ಖಾತೆ ಜಾಗವನ್ನು ಅಡ ಇಟ್ಟುಕೊಳ್ಳಲು ಹೆಚ್ಚಿನ ಬ್ಯಾಂಕುಗಳು ಮುಂದೆ ಬರೋದಿಲ್ಲ. ನೀವು ಅಡ ಇಡುವ ಕ್ರಯಪತ್ರದಲ್ಲಿ ಯಾವ ಚೆಕ್ಕುಬಂದಿ ಇದೆಯೋ ಅಷ್ಟಕ್ಕೆ ಮಾತ್ರ ಅವರು ಬೆಲೆ ಬರೆಯಬೇಕು.

ಆ ವರದಿಯನ್ನು ಒಂದು ಸಲ ಕೈಗೆ ತಗೊಂಡು ಓದಿ. ಸಾಮಾನ್ಯವಾಗಿ ಮೂರು ಬೆಲೆ ಬರೆದಿರುತ್ತಾರೆ: ಮಾರುಕಟ್ಟೆ ಬೆಲೆ, ಅದಕ್ಕಿಂತ ಸ್ವಲ್ಪ ಕಡಿಮೆಯ ರಿಯಲೈಸಬಲ್ (ನಿಜಕ್ಕೂ ಕೈಗೆ ಬರಬಹುದಾದ) ಬೆಲೆ, ಇನ್ನೂ ಕಡಿಮೆಯ ಡಿಸ್ಟ್ರೆಸ್ ಬೆಲೆ, ಅಂದರೆ ಅವಸರದಲ್ಲಿ ಮಾರಿದರೆ ಸಿಗೋದು. ಕೆಲವರು ಮೂರನೆಯದನ್ನು ನೋಡಿ ‘ನಮ್ಮ ಮನೆಗೆ ಇಷ್ಟೇನಾ’ ಅಂತ ಕೊರಗುತ್ತಾರೆ. ಅದು ನಿಮ್ಮ ಮನೆಯ ಬೆಲೆ ಅಲ್ಲ, ಬ್ಯಾಂಕಿನ ಎಚ್ಚರಿಕೆಯ ಲೆಕ್ಕ. ಪೂರ್ತಿ ಬೆಲೆಗೆ ಸಾಲವೂ ಸಿಗೋದಿಲ್ಲ. ಮನೆ ಕೊಳ್ಳುವ ಸಾಲದಲ್ಲೇ 75 ಲಕ್ಷ ದಾಟಿದರೆ ಆಸ್ತಿ ಬೆಲೆಯ 75%ಕ್ಕಿಂತ ಜಾಸ್ತಿ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ಮಿತಿ ಇದೆ. ಇರುವ ಮನೆಯನ್ನು ಅಡ ಇಟ್ಟು ತಗೊಳ್ಳುವ ಸಾಲಕ್ಕೆ ಬ್ಯಾಂಕುಗಳು ಇನ್ನೂ ಬಿಗಿ.

ಆದರೆ ಒಂದು ಮಾತು. ವರದಿಯಲ್ಲಿ ಆ ಜಾಗವನ್ನು ಬಿಟ್ಟಿದ್ದರೂ ಅದರ ಪರಿಣಾಮವನ್ನು ಬಿಟ್ಟಿರೋದಿಲ್ಲ, ಅದನ್ನು ಪರೀಕ್ಷಿಸಿ. ಮನೆಗೆ ಬರುವ ಗೇಟು ಆ 20×30 ಜಾಗದ ಮೂಲಕವೇ ಇದೆಯಾ? ಹಾಗಿದ್ದರೆ ಬ್ಯಾಂಕಿನ ಕಣ್ಣಲ್ಲಿ ಮನೆಗೆ ಸ್ವಂತ ದಾರಿಯೇ ಇಲ್ಲ, ಬೆಲೆ ತುಂಬಾ ಇಳಿಯುತ್ತೆ. ಮನೆಯ ಸೈಟಿನ ಮುಂದೆಯೇ ಒಂದು ಗೇಟು ಇಡಿಸಿ ಫೋಟೋ ಕೊಟ್ಟರೆ ಆ ಸಮಸ್ಯೆ ಹೋಗುತ್ತೆ.

ಎರಡನ್ನೂ ಒಂದೇ ಖಾತೆ ಮಾಡಿಸಿಬಿಡಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬಿ ಖಾತೆ ಮೊದಲು ಸರಿಹೋಗದೆ ಒಗ್ಗೂಡಿಸಲು ಆಗೋದಿಲ್ಲ. ಸರಿಹೋದಮೇಲೂ ಅವಸರ ಮಾಡಬೇಡಿ. ಒಂದೇ ಖಾತೆ ಆದರೆ ಮುಂದೆ ಚಿಕ್ಕ ಜಾಗವನ್ನು ಮಾತ್ರ ಮಾರಬೇಕು ಅಂದಾಗ ಮತ್ತೆ ವಿಭಜನೆಗೆ ಅಲೆಯಬೇಕು. ಸಾಲಕ್ಕೆ ಮನೆಯೊಂದೇ ಸಾಕಾಗುತ್ತೆ ಅಂದರೆ ಖಾಲಿ ಜಾಗವನ್ನು ಅಡಕ್ಕೆ ಸೇರಿಸದೇ ಇಟ್ಟುಕೊಳ್ಳಿ. ಕಷ್ಟ ಬಂದಾಗ ಮಾರಲು ಒಂದು ಸ್ವತ್ತು ಕೈಯಲ್ಲಿ ಸ್ವತಂತ್ರವಾಗಿ ಇರಬೇಕು.

ಪ್ರಶ್ನೆ, ಕುಂದಾಪುರದಿಂದ: ನಮ್ಮದು 18 ಸೆಂಟ್ಸ್ ಜಾಗ. ಮುಂದೆ 6 ಸೆಂಟ್ಸಿನಲ್ಲಿ ಹಂಚಿನ ಮನೆ, ಬಾವಿ. ಹಿಂದೆ ಖಾಲಿ, ತೆಂಗಿನಮರಗಳಿವೆ. ಮುಂದಿನ ಮನೆಯವರು ಸೆಂಟ್ಸಿಗೆ ಇಷ್ಟು ಅಂತ ಮಾರಿದ್ದಾರೆ, ಅದೇ ದರವನ್ನು 18ಕ್ಕೂ ಹಾಕಬಹುದಾ?

ಉತ್ತರ: ಹಾಕಬಾರದು. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹಿಂದಿನ 12 ಸೆಂಟ್ಸನ್ನು ಮನೆ ಬಿಟ್ಟು ಬೇರೆಯಾಗಿ ಮಾರಲು ಆಗುತ್ತಾ? ಆಗುತ್ತೆ ಅಂದರೆ ಅದು ಒಂದು ಸ್ವತಂತ್ರ ಸ್ವತ್ತು, ಅದಕ್ಕೆ ಸೈಟಿನ ದರದ ಹತ್ತಿರಕ್ಕೆ ಬೆಲೆ ಬರುತ್ತೆ. ಆಗೋದಿಲ್ಲ ಅಂದರೆ ಅದು ಮನೆಯ ಹಿತ್ತಲು ಮಾತ್ರ. ಮನೆಗೆ ಒಂದಿಷ್ಟು ಬೆಲೆ ಹೆಚ್ಚಿಸುತ್ತೆ, ಆದರೆ ಸೈಟಿನ ದರ ಸಿಗೋದಿಲ್ಲ. ಒಂದೇ ಅಳತೆಯ ಎರಡು ಹಿತ್ತಲುಗಳ ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬರೋದು ಇದರಿಂದಲೇ.

ಬೇರೆಯಾಗಿ ಮಾರಲು ಏನೇನು ಬೇಕು? ದಾರಿ ಬೇಕು. ಮನೆಯ ಪಕ್ಕದಲ್ಲಿ ಕಾರು ಹೋಗುವಷ್ಟು ಓಣಿ ಬಿಡಲು ಜಾಗ ಇದೆಯಾ ನೋಡಿ. 12 ಅಡಿ ಅಗಲ, 60 ಅಡಿ ಉದ್ದದ ಓಣಿ ಬಿಟ್ಟರೆ 720 ಚದರ ಅಡಿ ಹೋಯಿತು. ಒಂದು ಸೆಂಟ್ ಅಂದರೆ 435.6 ಚದರ ಅಡಿ, ಅಂದರೆ ದಾರಿಗೇ ಒಂದೂವರೆ ಸೆಂಟ್ಸಿಗಿಂತ ಜಾಸ್ತಿ. ಅದನ್ನು ಮನೆಯ 6 ಸೆಂಟ್ಸಿನಿಂದ ಕಳೆದು ಲೆಕ್ಕ ಹಾಕಬೇಕು. ಓಣಿಗಾಗಿ ಬಾವಿಯ ಕಟ್ಟೆ ಒಡೆಯಬೇಕಾದರೆ ಆ ಯೋಚನೆಯನ್ನೇ ಬಿಡಿ, ಒಳ್ಳೆಯ ನೀರಿನ ಬಾವಿ ಇರುವ ಮನೆಗೆ ನಿಮ್ಮ ಕಡೆ ಇರುವ ಬೆಲೆ ನಿಮಗೇ ಗೊತ್ತು.

ಎರಡನೆಯದು ಪಹಣಿ. ಪೂರ್ತಿ 18 ಸೆಂಟ್ಸ್ ಭೂಪರಿವರ್ತನೆ ಆಗಿದೆಯಾ, ಇಲ್ಲಾ ಮನೆ ಇರುವಷ್ಟು ಮಾತ್ರವಾ? ಎಷ್ಟೋ ಕಡೆ ಮನೆಯಷ್ಟಕ್ಕೆ ಮಾತ್ರ ಕನ್ವರ್ಷನ್ ಆಗಿ ಹಿಂದಿನದು ಕೃಷಿ ಜಮೀನಾಗೇ ಉಳಿದಿರುತ್ತೆ. ಹಾಗಿದ್ದರೆ ಕನ್ವರ್ಷನ್ ಖರ್ಚು, ಅದಕ್ಕೆ ಹಿಡಿಯುವ ಸಮಯ ಎರಡನ್ನೂ ಕಳೆಯಬೇಕು. ಸರ್ವೆ ನಂಬರಿನ ಒಂದು ತುಂಡನ್ನು ಮಾರಲು 11ಇ ನಕ್ಷೆ, ಅಂದರೆ ಆ ತುಂಡನ್ನು ಅಳೆದು ಸರ್ವೆಯವರು ಕೊಡುವ ನಕ್ಷೆ, ಬೇಕಾಗುತ್ತೆ, ಅದು ಇಲ್ಲದೆ ರಿಜಿಸ್ಟ್ರೇಷನ್ ಆಗೋದಿಲ್ಲ. ಹೊಳೆಯ ಅಥವಾ ಸಮುದ್ರದ ಹತ್ತಿರ ಇದ್ದರೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಗೆರೆಯನ್ನೂ ನೋಡಿ. ಕಟ್ಟಲು ಆಗದ ಜಾಗಕ್ಕೆ ಕಟ್ಟುವ ಜಾಗದ ದರ ಕೇಳಿದರೆ ಯಾರೂ ಕೊಡೋದಿಲ್ಲ.

ದಾರಿ ಬಿಡಲು ಆಗೋದೇ ಇಲ್ಲ ಅಂದರೆ ವ್ಯಾಲ್ಯುಯರ್‌ಗಳು ಪಟ್ಟಿ ಲೆಕ್ಕ ಹಾಕುತ್ತಾರೆ. ರಸ್ತೆಗೆ ಹತ್ತಿರದ ಪಟ್ಟಿಗೆ ಪೂರ್ತಿ ದರ, ಅದರ ಹಿಂದಿನದಕ್ಕೆ ಮೂರರಲ್ಲಿ ಎರಡು ಭಾಗ, ಅದಕ್ಕೂ ಹಿಂದಿನದಕ್ಕೆ ಅರ್ಧ. ಪಟ್ಟಿ ಎಷ್ಟು ಆಳ ಅನ್ನೋದು ಜಾಗ ನೋಡಿ ತೀರ್ಮಾನಿಸಬೇಕಾದ್ದು, ಅದಕ್ಕೆ ಒಂದೇ ನಿಯಮ ಇಲ್ಲ. ನಿಮ್ಮ ಜಾಗ ಮೂರು ಸಮ ಪಟ್ಟಿಯಾಗಿ 6, 6, 6 ಸೆಂಟ್ಸ್ ಅಂದುಕೊಂಡರೆ 6 ಮತ್ತು 4 ಮತ್ತು 3, ಒಟ್ಟು 13 ಸೆಂಟ್ಸಿನ ಬೆಲೆ. ಮುಂದಿನ ಮನೆಯವರ ದರವನ್ನು 18ಕ್ಕೆ ಅಲ್ಲ, 13ಕ್ಕೆ ಗುಣಿಸಿ. ಮಾತುಕತೆ ಅಲ್ಲಿಂದ ಶುರು ಮಾಡಿ.

ಪ್ರಶ್ನೆ, ಮಸ್ಕತ್‌ನಿಂದ: ಹುಬ್ಬಳ್ಳಿಯಲ್ಲಿ ನಮ್ಮ ತಂದೆಯವರ ಹಳೆಯ ಮನೆ, ಪಕ್ಕದಲ್ಲಿ ಖಾಲಿ ಪ್ಲಾಟು. ಎರಡೂ 1980ರ ದಶಕದವು, ಬೇರೆ ಬೇರೆ ಖರೀದಿ ಪತ್ರ ಇವೆ, ಈಗ ನನ್ನೊಬ್ಬನ ಹೆಸರಿನಲ್ಲಿವೆ. ಕೊಳ್ಳುವವರು ಮನೆ ಕೆಡವಿ ಎರಡೂ ಕಡೆ ಸೇರಿಸಿ ಕಟ್ಟಡ ಕಟ್ಟುತ್ತಾರಂತೆ. ‘ಮನೆಗೆ ಬೆಲೆ ಇಲ್ಲ, ಜಾಗಕ್ಕೆ ಮಾತ್ರ ಕೊಡ್ತೀವಿ, ಒಂದೇ ಪತ್ರ, ಒಂದೇ ಮೊತ್ತ’ ಅಂತಾರೆ. ಒಪ್ಪಬಹುದಾ?

ಉತ್ತರ: ಮನೆಗೆ ಬೆಲೆ ಇಲ್ಲ ಅನ್ನೋದನ್ನು ಒಪ್ಪಬಹುದು, ಒಂದೇ ಮೊತ್ತ ಅನ್ನೋದನ್ನು ಒಪ್ಪಬೇಡಿ.

ಕೆಡವಲೆಂದೇ ಕೊಳ್ಳುವವರಿಗೆ ನಲವತ್ತು ವರ್ಷದ ಮನೆ ಒಂದು ಖರ್ಚು. ಕೆಡವುವ ಕೂಲಿ, ಮಣ್ಣು ಸಾಗಿಸುವ ಲಾರಿ ಬಾಡಿಗೆ ಅವರ ತಲೆ ಮೇಲೆ. ಆದರೆ ಒಮ್ಮೆ ಯಾರನ್ನಾದರೂ ಕಳಿಸಿ ಬಾಗಿಲು, ಕಿಟಕಿ, ತೊಲೆ ನೋಡಿಸಿ. ಆ ಕಾಲದ ಮನೆಗಳಲ್ಲಿ ತೇಗದ ಚೌಕಟ್ಟುಗಳು ಇರುತ್ತವೆ, ಹಳೆಯ ತೇಗಕ್ಕೆ ಒಳ್ಳೆಯ ಗಿರಾಕಿ ಇದೆ. ಮರ, ಕಬ್ಬಿಣ ನಾವು ಬಿಚ್ಚಿಕೊಳ್ಳುತ್ತೇವೆ ಅಂತ ಕರಾರಿನಲ್ಲೇ ಬರೆಸಿ, ಇಲ್ಲದಿದ್ದರೆ ಅದರ ದುಡ್ಡನ್ನು ಸೇರಿಸಿ ಕೇಳಿ. ಇನ್ನೊಂದು, ಎರಡೂ ಸೇರಿ ಸಿಗೋದರಿಂದಲೇ ಅವರಿಗೆ ದೊಡ್ಡ ಕಟ್ಟಡದ ಯೋಚನೆ ಬಂದಿರೋದು. ಒಂದೇ ಪ್ಲಾಟಾಗಿದ್ದರೆ ಬರುತ್ತಲೇ ಇರಲಿಲ್ಲ. ಆ ಲಾಭದಲ್ಲಿ ನಿಮಗೂ ಪಾಲು ಸಿಗಬೇಕು. ಬಿಡಿ ಪ್ಲಾಟಿನ ದರಕ್ಕೇ ಎರಡನ್ನೂ ಕೊಟ್ಟುಬಿಡಬೇಡಿ.

ಈಗ ಮೊತ್ತದ ವಿಷಯ. ಪತ್ರ ಒಂದೇ ಇದ್ದರೂ ಪರವಾಗಿಲ್ಲ, ಆದರೆ ಮನೆ ಇರುವ ಸ್ವತ್ತಿಗೆ ಎಷ್ಟು, ಖಾಲಿ ಪ್ಲಾಟಿಗೆ ಎಷ್ಟು ಅಂತ ಬೇರೆ ಬೇರೆ ಬರೆಸಿ. ಕಾರಣ ತೆರಿಗೆ. ಮನೆ ಮಾರಿ ಬಂದ ಲಾಭವನ್ನು ಇಲ್ಲಿ ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ ಸಿಗಲು ಲಾಭದಷ್ಟು ಹಾಕಿದರೆ ಸಾಕು. ಖಾಲಿ ಪ್ಲಾಟಿಗೆ ಹಾಗಲ್ಲ, ಮಾರಿ ಬಂದ ನಿವ್ವಳ ಹಣ ಪೂರ್ತಿ ಹಾಕಬೇಕು, ಕಡಿಮೆ ಹಾಕಿದರೆ ವಿನಾಯಿತಿಯೂ ಅದೇ ಪ್ರಮಾಣದಲ್ಲಿ ಕಡಿಮೆ. ಮನೆಗೆ ಹೊಂದಿಕೊಂಡ ಜಾಗ ಮನೆಯ ಭಾಗವೇ ಅಂತ ವಾದ ಮಾಡಲು ಅವಕಾಶ ಇದೆ. ಒಂದೇ ಕಾಂಪೌಂಡ್, ಹೂದೋಟ, ಒಂದೇ ಗೇಟು ಇದ್ದರೆ ಆ ವಾದಕ್ಕೆ ಬಲ ಜಾಸ್ತಿ. ಹಾಗಾಗಿ ಮನೆ ಕೆಡವುವ ಮುಂಚೆ ಫೋಟೋ ತೆಗೆಸಿಟ್ಟುಕೊಳ್ಳಿ. ಇದರ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಮಾರಾಟಕ್ಕೆ ಮುಂಚೆಯೇ ಮಾತಾಡಿ.

2001ಕ್ಕೂ ಮುಂಚಿನ ಆಸ್ತಿ ಆದ್ದರಿಂದ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. ಅದಕ್ಕೆ ನೋಂದಾಯಿತ ವ್ಯಾಲ್ಯುಯರ್ ವರದಿ ಬೇಕು, ಅದೂ ಎರಡಕ್ಕೂ ಬೇರೆ ಬೇರೆ. ಆದರೆ ಆ ದಿನದ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಅಂತ ಸರ್ಕಾರ ಇಟ್ಟಿರುವ ದರ, ಸಿಗುವಂತಿದ್ದರೆ ಅದಕ್ಕಿಂತ ಜಾಸ್ತಿ ತೋರಿಸುವಂತಿಲ್ಲ, ಹಾಗಾಗಿ ಆ ಕಾಲದ ದರಪಟ್ಟಿಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಿ ಪಡೆಯಿರಿ. 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ ತೆರಿಗೆ 12.5%, ಇಂಡೆಕ್ಸೇಷನ್, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಳ್ಳುವುದು, ಇಲ್ಲ. ಹಳೆಯ ಆಸ್ತಿಗೆ ಇಂಡೆಕ್ಸೇಷನ್ ಜೊತೆ 20% ಆಯ್ಕೆ ಮಾಡಿಕೊಳ್ಳುವ ಅವಕಾಶ ಭಾರತದ ನಿವಾಸಿಗಳಿಗೆ ಮಾತ್ರ, ನಿಮಗೆ ಅದು ಸಿಗೋದಿಲ್ಲ. ಕೊಳ್ಳುವವರು ತೆರಿಗೆ ಅಂತ ನಿಮ್ಮ ಹಣದಲ್ಲಿ ಕಡಿತ ಮಾಡುವುದೂ ಊರಿನವರಿಗೆ ಮಾಡುವ 1% ಅಲ್ಲ, ತುಂಬಾ ಜಾಸ್ತಿ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿ, ಅದು ಕೈಗೆ ಬಂದಮೇಲೆ ರಿಜಿಸ್ಟ್ರೇಷನ್ ದಿನ ಗೊತ್ತು ಮಾಡಿ.

ಪ್ರಶ್ನೆ, ದಾವಣಗೆರೆಯಿಂದ: ನಮ್ಮ ಮನೆಯ ಪೂರ್ವಕ್ಕೆ ಇರುವ ಸೈಟನ್ನು ಅದರ ಮಾಲೀಕರು ಮಾರುತ್ತಿದ್ದಾರೆ. ‘ನಿಮಗೆ ಪಕ್ಕದ್ದು, ವಾಸ್ತುವಿಗೂ ಒಳ್ಳೇದು’ ಅಂತ ಬೀದಿಯ ದರಕ್ಕಿಂತ ಜಾಸ್ತಿ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಮಾರುಕಟ್ಟೆ ಬೆಲೆ ಅಂದರೆ ಯಾರು ಬೇಕಾದರೂ ಕೊಡುವ ಬೆಲೆ. ಪಕ್ಕದ ಮನೆಯವರು ಮಾತ್ರ ಕೊಡುವ ಬೆಲೆ ಅದಲ್ಲ, ಯಾವ ವ್ಯಾಲ್ಯುಯರ್ ಕೂಡ ಅದನ್ನು ಮಾರುಕಟ್ಟೆ ಬೆಲೆ ಅಂತ ವರದಿಯಲ್ಲಿ ಬರೆಯುವಂತಿಲ್ಲ, ಬ್ಯಾಂಕೂ ಆ ಹೆಚ್ಚಿನ ಹಣಕ್ಕೆ ಸಾಲ ಕೊಡೋದಿಲ್ಲ. ಆದರೂ ನಿಮಗೆ ಅದು ಜಾಸ್ತಿ ಬೆಲೆಯದ್ದು ಅನ್ನೋದೂ ನಿಜ. ಎಷ್ಟು ಜಾಸ್ತಿ? ನೀವು ಮುಂದೆ ಎರಡನ್ನೂ ಸೇರಿಸಿ ಹೊಸದಾಗಿ ಕಟ್ಟುತ್ತೀರಾ ಅನ್ನೋದರ ಮೇಲೆ ಹೋಗುತ್ತೆ. ಸೇರಿಸಿದರೆ ನಡುವೆ ಎರಡೂ ಕಡೆ ಬಿಡುವ ಸೆಟ್‌ಬ್ಯಾಕ್ ಉಳಿಯುತ್ತೆ. ತಲಾ 3 ಅಡಿ ಅಂದರೆ 6 ಅಡಿ ಅಗಲದ ಒಂದು ಪಟ್ಟಿ, ಒಂದು ಒಳ್ಳೆಯ ಕಾರಿಡಾರ್‌ಗಿಂತ ದೊಡ್ಡದು. ಆದರೆ ಸೈಟು ದೊಡ್ಡದಾದರೆ ಸುತ್ತ ಬಿಡಬೇಕಾದ ಜಾಗವೂ ಜಾಸ್ತಿ ಆಗುತ್ತೆ, ಅದನ್ನು ಪಾಲಿಕೆಯಲ್ಲಿ ವಿಚಾರಿಸಿಕೊಳ್ಳಿ. ಈಗಿನ ಮನೆಯನ್ನೇ ಇಟ್ಟುಕೊಂಡು ಪಕ್ಕದಲ್ಲಿ ಕಾರು ನಿಲ್ಲಿಸಲು, ಗಿಡ ಹಾಕಲು ಮಾತ್ರ ಅಂದರೆ ಆ ಉಪಯೋಗಕ್ಕೆ ಅಂತ ಬೀದಿಯ ದರಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ವಾಸ್ತುವನ್ನು ನಾನು ನಂಬುತ್ತೇನೋ ಇಲ್ಲವೋ ಮುಖ್ಯ ಅಲ್ಲ, ಕೊಳ್ಳುವ ಜನ ನಂಬುತ್ತಾರೆ. ಪೂರ್ವಕ್ಕೆ, ಉತ್ತರಕ್ಕೆ ಜಾಗ ಬೆಳೆದಿದ್ದರೆ ಮುಂದೆ ಮಾರುವಾಗ ಗಿರಾಕಿ ಬೇಗ ಸಿಗುತ್ತಾರೆ. ಅಷ್ಟಕ್ಕೆ ಸ್ವಲ್ಪ ಹಿಡಿಯಬಹುದು, ಅದನ್ನೇ ದೊಡ್ಡದು ಮಾಡಿ ಹೆದರಿಸಿದರೆ ಸುಮ್ಮನಿದ್ದುಬಿಡಿ.

ಪ್ರಶ್ನೆ, ತುಮಕೂರಿನಿಂದ: ಗೈಡೆನ್ಸ್ ವ್ಯಾಲ್ಯೂ ಅಂದರೆ ಅದೇ ನಿಜವಾದ ಬೆಲೆ ಅಲ್ವಾ? ಮನೆಗೂ ಖಾಲಿ ಸೈಟಿಗೂ ಅದನ್ನೇ ಬರೆಸಿದರೆ ಆಯ್ತಲ್ಲ?

ಉತ್ತರ: ಅಲ್ಲ. ಅದಕ್ಕಿಂತ ಕಡಿಮೆ ತೋರಿಸಿ ನೋಂದಣಿ ಶುಲ್ಕ ಉಳಿಸಬಾರದು ಅಂತ ಸರ್ಕಾರ ಇಟ್ಟಿರುವ ದರ ಅದು. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಅದನ್ನು ಪರಿಷ್ಕರಿಸಿ ಏರಿಸಿದರು, ಆದರೂ ಎಷ್ಟೋ ಬೀದಿಗಳಲ್ಲಿ ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲೇ ಇದೆ, ಕೆಲವು ಕಡೆ ಕೆಳಗೂ ಇದೆ. ಕೆಳಗಿದ್ದರೆ ಜೋಪಾನ: ಗೈಡೆನ್ಸ್ ವ್ಯಾಲ್ಯೂ ನಿಮ್ಮ ಮಾರಾಟದ ಬೆಲೆಗಿಂತ 10% ದಾಟಿ ಜಾಸ್ತಿ ಇದ್ದರೆ ಆದಾಯ ತೆರಿಗೆಯವರು ಆ ಜಾಸ್ತಿ ಬೆಲೆಗೇ ಲಾಭ ಲೆಕ್ಕ ಹಾಕುತ್ತಾರೆ. ಕೊಳ್ಳುವವರ ಖರ್ಚನ್ನೂ ಮರೆಯಬೇಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ರಿಂದ 2% ಆಗಿದೆ. 45 ಲಕ್ಷ ದಾಟಿದ ಆಸ್ತಿಗೆ 5% ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್, ಈ 2% ಎಲ್ಲ ಸೇರಿ ನಗರದಲ್ಲಿ 7.6%. ಮನೆ ಮತ್ತು ಸೈಟು ಸೇರಿ ಒಂದು ಕೋಟಿ ಅಂದರೆ 7.6 ಲಕ್ಷ ಬರೀ ನೋಂದಣಿಗೆ. ಕೊಳ್ಳುವವರು ಬೆಲೆ ಹೇಳುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೇಳುತ್ತಾರೆ, ನೀವೂ ಇಟ್ಟುಕೊಂಡು ಕೇಳಿ. ನಿಮ್ಮ ಬೀದಿಯ ಗೈಡೆನ್ಸ್ ವ್ಯಾಲ್ಯೂ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತೆ. ಖಾಲಿ ಸೈಟಿಗೆ ಒಂದು ದರ, ಕಟ್ಟಡಕ್ಕೆ ಬೇರೆ ದರ ಇರುತ್ತೆ, ಎರಡನ್ನೂ ನೋಡಿ.